ಮೂರು ಲೀಟರ್, ಇಪ್ಪತ್ತೈದು ಲೀಟರ್

ಗೀಸರ್ ಅಂಗಡಿಯ ದೇವರಾಜ್ ಎಲ್ಲ ಗಿರಾಕಿಗಳನ್ನೂ ಕೇಳುವ ಮೊದಲ ಪ್ರಶ್ನೆಯನ್ನೇ ಇವರನ್ನೂ ಕೇಳಿದ. "ಮನೇಲಿ ಎಷ್ಟು ಜನ ಮೇಡಂ?"

"ಮೂರು ಜನ," ಎಂದಳು ನಿವೇದಿತಾ.

"ಇಬ್ರು," ಎಂದ ಅಂಜನ್.

ಎರಡು ಉತ್ತರವೂ ಒಟ್ಟಿಗೇ ಬಂದವು. ದೇವರಾಜ್ ಇಬ್ಬರನ್ನೂ ನೋಡಿ ಹಲ್ಲುಬಿಟ್ಟ. "ಬಿಡಿ ಸಾರ್, ಮೇಡಂ ಮುಂದಿನ ವರ್ಷದ್ದು ಸೇರಿಸಿ ಹೇಳ್ತಿದ್ದಾರೆ!"

ಅಂಜನ್ ಕಿವಿ ಕೆಂಪು ಮಾಡಿಕೊಂಡು ನಕ್ಕ. ನಿವೇದಿತಾಗೆ ನಗು ಬರಲಿಲ್ಲ. ಮೂರನೆಯವರು ಅವಳ ಅಪ್ಪ. ಅದು ಅಂಜನ್‌ಗೆ ಗೊತ್ತಿರಬೇಕಿತ್ತಲ್ಲ ಎಂದು ಅವನ ಮುಖವನ್ನೇ ನೋಡಿದಳು. ಅವನು ಗೋಡೆಯ ಮೇಲಿದ್ದ ಪುಟ್ಟ ಬಿಳಿ ಗೀಸರಿನ ಕಡೆ ಕಣ್ಣು ತಿರುಗಿಸಿದ.

ಮದುವೆಗೆ ಇನ್ನು ಎರಡೇ ತಿಂಗಳು. ಮಾಕಳಿಯ ಹೊಸ ಫ್ಲ್ಯಾಟಿಗೆ ಒಂದೊಂದನ್ನೂ ಇಬ್ಬರೂ ಜಗಳವಾಡಿಯೇ ಆರಿಸಿದ್ದರು. ಟೈಲ್ಸ್ ಅವಳದು, ಸ್ವಿಚ್ಚು ಅವನದು, ಕಿಟಕಿ ಪರದೆಗೆ ಮೂರು ಭಾನುವಾರ. ಉಳಿದಿದ್ದು ಬಚ್ಚಲಿನ ಗೀಸರ್ ಒಂದೇ.

ಈ ಪ್ರೀತಿ ಹುಟ್ಟಿದ್ದೂ ನೀರಿನ ದೆಸೆಯಿಂದಲೇ. ನಿವೇದಿತಾ ಪೀಣ್ಯದ ಒಂದು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವವಳು. ನಾಲ್ಕು ವರ್ಷದ ಹಿಂದೆ ಅಂಜನ್ ತನ್ನ ಫ್ಯಾಕ್ಟರಿಯ ಬೋರ್‌ವೆಲ್ ನೀರನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿಸಿಕೊಂಡು ಬಂದಿದ್ದ. "ಇದನ್ನ ಟೆಸ್ಟ್ ಮಾಡಿದ್ರೆ ನಿಮ್ಮ ಬೋರ್‌ವೆಲ್ಲಲ್ಲಿ ಮಾವಿನಹಣ್ಣು ಸಿಗುತ್ತೆ ಸಾರ್," ಎಂದು ವಾಪಸ್ ಕಳಿಸಿದ್ದಳು. ಮರುದಿನ ಬೇರೆ ಬಾಟಲಿ. ಅದನ್ನೂ ಕಳಿಸಿದಳು. ಮೂರನೆಯ ದಿನ ಅವನು ತಂದದ್ದು ಸರಿಯಾಗಿಯೇ ಇತ್ತು. ಆದರೂ ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು, ಅದರ ಆಚೆಯಿಂದ ಅವನನ್ನು ಬೇಕೆಂದೇ ತುಸು ಹೊತ್ತು ನೋಡಿದ್ದಳು. "ನೀರು ನೋಡ್ತಿದ್ದೀರೋ, ನನ್ನ ನೋಡ್ತಿದ್ದೀರೋ?" ಎಂದು ಕೇಳಿದ್ದ. "ಎರಡೂ ಗಡುಸು," ಎಂದಿದ್ದಳು.

ಅಂಥವಳು ಈಗ ಅಂಗಡಿಯಲ್ಲಿ ಮಾತೇ ಬಾರದವಳಂತೆ ನಿಂತಿದ್ದಳು.

ದೇವರಾಜ್ ತನ್ನ ಪಾಡಿಗೆ ವಿವರಿಸುತ್ತಿದ್ದ. "ಇನ್‌ಸ್ಟಂಟ್ ಆದ್ರೆ ಮೂರು ಲೀಟರ್. ಸ್ವಿಚ್ ಹಾಕಿ, ನಲ್ಲಿ ತಿರುಗಿಸಿ, ಬಿಸಿನೀರು. ಕಾಯೋ ತಾಪತ್ರಯ ಇಲ್ಲ, ಜಾಗಾನೂ ಕಮ್ಮಿ. ಇಬ್ರಿಗೆ ಧಾರಾಳ ಆಯ್ತು. ಸ್ಟೋರೇಜ್ ಆದ್ರೆ ಇಪ್ಪತ್ತೈದು ಲೀಟರ್ ಟ್ಯಾಂಕು. ಕಾಯೋಕೆ ಟೈಮ್ ಬೇಕು. ಆದ್ರೆ ಕರೆಂಟ್ ಹೋದ್ರೂ ನೀರು ಬಿಸಿಯಾಗೇ ಇರುತ್ತೆ. ವಯಸ್ಸಾದೋರಿದ್ರೆ ಕಣ್ಮುಚ್ಕೊಂಡು ಇದನ್ನ ತಗೊಳಿ."

"ಇನ್‌ಸ್ಟಂಟೇ ಇರಲಿ," ಎಂದ ಅಂಜನ್, ಮೆಲ್ಲಗೆ.

ನಿವೇದಿತಾಳ ಕಣ್ಣ ಮುಂದೆ ಬೆಳಗಿನ ಮನೆ ಬಂತು. ಅಪ್ಪ ಮಡಿವಾಳಪ್ಪನವರು ರಾಣೆಬೆನ್ನೂರಿನ ಕಡೆಯಿಂದ ಬಂದು ಜಾಲಹಳ್ಳಿಯ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ದುಡಿದವರು. ಸ್ನಾನ ಮಾಡಿ, ಕೊರಳ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮುಗಿಸುವ ತನಕ ಗುಟುಕು ನೀರನ್ನೂ ಮುಟ್ಟುವವರಲ್ಲ. ಕೈ ನಡುಗುವ ಕಾಯಿಲೆ ಬಂದು ಮೂರು ವರ್ಷವಾಯಿತು. ತಂಬಿಗೆ ಎತ್ತುವಷ್ಟರಲ್ಲಿ ಅರ್ಧ ನೀರು ನೆಲಕ್ಕೆ ಚೆಲ್ಲುತ್ತದೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಮಗಳನ್ನು ಒಳಗೆ ಬಿಟ್ಟುಕೊಳ್ಳಲು ಸಂಕೋಚ. ಅವಳು ಬಾಗಿಲ ಹೊರಗೆ ನಿಂತು "ಅಪ್ಪಾ, ಆತೇನು?" ಎಂದು ಕೂಗುತ್ತಲೇ ಇರಬೇಕು. ಮಾಕಳಿಯಲ್ಲಿ ಬೆಳಗಿನ ಹೊತ್ತಿಗೇ ಕರೆಂಟ್ ಕೈಕೊಡುತ್ತದೆ. ಮೈತುಂಬ ಸೋಪು ಹಚ್ಚಿಕೊಂಡ ಮುದುಕನ ಮೇಲೆ ತಣ್ಣೀರು ಸುರಿಯುವುದನ್ನು ನೆನೆಸಿಕೊಂಡೇ ಅವಳಿಗೆ ಚಳಿಯಾಯಿತು.

"ಸ್ವಲ್ಪ ಹೊರಗೆ ಬಾ," ಎಂದಳು.

ಪಕ್ಕದ ಕಾಫಿ ಅಂಗಡಿಯ ಮುಂದೆ ಇಬ್ಬರೂ ಕಾಫಿ ಲೋಟ ಹಿಡಿದು ನಿಂತರು. ತುಮಕೂರು ರಸ್ತೆಯ ಲಾರಿಗಳ ಸದ್ದಿಗೆ ಅಂಜನ್ ಎರಡು ಸಲ ಬಾಯಿ ತೆರೆದು ಮುಚ್ಚಿದ.

"ನಮ್ಮಪ್ಪ ಎಲ್ಲಿ ಇರ್ತಾರೆ ಅಂದ್ಕೊಂಡಿದ್ದೀಯಾ?"

"ನಿವಿ, ಅವರೇ ಹೇಳ್ಬೇಡ ಅಂದಿದ್ರು. ಹೋದ ವಾರ ಅಂಕಲ್ ನಮ್ಮ ಫ್ಯಾಕ್ಟರಿ ಗೇಟ್ ಹತ್ರ ಬಂದಿದ್ರು. ಒಬ್ರೇ, ಬಸ್ಸಲ್ಲಿ."

ಅವಳ ಕೈಯ ಲೋಟ ನಿಂತಲ್ಲೇ ನಿಂತಿತು.

"ಊರಿನ ಮಠದಲ್ಲಿ ಒಂದು ಕೋಣೆ ಕೊಟ್ಟಿದ್ದಾರಂತೆ. ಮದುವೆ ಆದ್ಮೇಲೆ ಅಲ್ಲಿಗೆ ಹೋಗ್ತಾರಂತೆ. ಮಗಳ ಮನೇಲಿ ಉಳಿಯೋದು ಸರಿಯಲ್ಲ, ನೀವಿಬ್ರೂ ಚೆನ್ನಾಗಿರಿ ಅಂದ್ರು."

"ನೀನೇನಂದೆ?"

"ಟೀ ಕುಡೀರಿ ಅಂದೆ. ಬೇಡ ಅಂದ್ರು. ಮತ್ತೆ ಅಂದೆ, ಮತ್ತೆ ಬೇಡ ಅಂದ್ರು. ಮೂರನೇ ಸಲ ಕೈ ಹಿಡ್ಕೊಂಡು ಕರ್ಕೊಂಡು ಹೋದೆ. ಕುಡಿದ್ರು."

ನಿವೇದಿತಾಗೆ ಗೊತ್ತಿತ್ತು. ಅಪ್ಪ ಯಾರ ಮನೆಯಲ್ಲೂ ಮೊದಲ ಸಲಕ್ಕೆ ಹೂಂ ಎಂದವರಲ್ಲ. ಅವರಿಗೆ ಬೇಡ ಎನ್ನುವುದು ಮರ್ಯಾದೆ, ಒತ್ತಾಯ ಮಾಡುವುದು ಎದುರಿಗಿದ್ದವರ ಮರ್ಯಾದೆ. ಅಂಜನ್‌ಗೂ ಅದು ಚೆನ್ನಾಗಿ ಗೊತ್ತಿತ್ತು. ಮೊದಲ ಸಲ ಮನೆಗೆ ಬಂದಾಗ ಅವಳೇ ಹೇಳಿಕೊಟ್ಟಿದ್ದಳು.

"ಟೀಗೆ ಮೂರು ಸಲ ಒತ್ತಾಯ ಮಾಡ್ದೆ," ಎಂದಳು. "ಮನೆಗೆ?"

ಅಂಜನ್ ತಲೆ ತಗ್ಗಿಸಿದ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಅವಳು ಅವನನ್ನು ಪ್ರೀತಿಸಿದ್ದೂ ಅದಕ್ಕೇ.

"ಸರಿ ಅಂಕಲ್ ಅಂದ್ಬಿಟ್ಟೆ."

"ಒಂದ್ಸಲಾನೂ ಬನ್ನಿ ಅನ್ಲಿಲ್ವಾ?"

"ಇಲ್ಲ." ಅವನ ದನಿ ಒಡೆಯಿತು. "ಅವರು ಒಂದು ನಿಮಿಷ ನನ್ನೇ ನೋಡ್ತಾ ಕೂತಿದ್ರು. ಕರೀಲಿ ಅಂತಾನೇ ಕಾಯ್ತಿದ್ದಾರೆ ಅಂತ ಗೊತ್ತಾಯ್ತು. ಆದ್ರೂ ಕರೀಲಿಲ್ಲ. ಸತ್ಯ ಹೇಳ್ತೀನಿ ಕಣೇ, ಆಗ ನಂಗೆ ಹಗುರ ಅನ್ನಿಸ್ತು."

ನಿವೇದಿತಾ ಲೋಟವನ್ನು ಪಕ್ಕದ ಕಟ್ಟೆಯ ಮೇಲಿಟ್ಟಳು.

"ರಾಜಗೋಪಾಲನಗರದಲ್ಲಿ ಎರಡು ರೂಮಲ್ಲಿ ಏಳು ಜನ ಬೆಳೆದ್ವಿ ನಿವಿ. ಬಚ್ಚಲಿಗೆ ಕ್ಯೂ, ಕನ್ನಡಿಗೆ ಕ್ಯೂ. ತಾತ ಹಾಸಿಗೆ ಹಿಡಿದಾಗ ಐದು ವರ್ಷ ಅವರ ಪಕ್ಕದಲ್ಲೇ ಓದಿದ್ದು, ಮಲಗಿದ್ದು. ಒಂದೇ ಒಂದು ಆಸೆ ಇತ್ತು. ನೀನು, ನಾನು, ಬಾಗಿಲು ಹಾಕಿದ್ರೆ ಮತ್ಯಾರೂ ಇಲ್ಲ." ಅವನು ಕಣ್ಣೊರೆಸಿಕೊಂಡ. "ತಪ್ಪಾಯ್ತು. ಈಗ್ಲೇ ಹೋಗಿ ದೊಡ್ಡದೇ ತಗೊಳ್ಳೋಣ. ಅಂಕಲ್ ಕಾಲು ಹಿಡಿದು ಕರೀತೀನಿ. ನೂರು ಸಲ ಕರೀತೀನಿ."

ಅವನು ಖಂಡಿತ ಕರೆಯುತ್ತಾನೆ. ಅಪ್ಪ ಬಂದೂ ಬರುತ್ತಾರೆ. ಒಂದು ಕ್ಷಣ ಅವಳಿಗೂ ಹೂಂ ಎಂದುಬಿಡುವ ಆಸೆಯಾಯಿತು. ಅವನ ಶರ್ಟಿನ ತೋಳು ಹಿಡಿದುಕೊಂಡಳು. ಎಷ್ಟು ಇಷ್ಟದ ತೋಳು ಅದು!

"ನೀನು ಚೆನ್ನಾಗೇ ನೋಡ್ಕೋತೀಯಾ ಅಂಜನ್, ನಂಗೊತ್ತು. ಆದ್ರೆ ದಿನಾ ಬೆಳಿಗ್ಗೆ ಬಚ್ಚಲ ಬಾಗಿಲ ಹತ್ರ ನಿಂತ್ಕೊಂಡು ನಾನು ನಿನ್ನ ಮುಖ ನೋಡ್ತೀನಿ. ಬೇಜಾರಾಗಿದೆಯಾ, ಸಾಕಾಗಿದೆಯಾ ಅಂತ. ನೀನು ಆಫೀಸಿನ ಟೆನ್ಷನ್ನಲ್ಲಿ ಸುಮ್ನೆ ಕೂತಿದ್ರೂ ನಂಗೆ ಹಂಗೇ ಅನ್ಸುತ್ತೆ. ನೀನೂ ಎಷ್ಟು ದಿನ ನಗ್ತಾ ಇರ್ತೀಯಾ? ಅಪ್ಪಂಗಂತೂ ಮೊದಲನೇ ದಿನಾನೇ ಗೊತ್ತಾಗಿಬಿಡುತ್ತೆ."

"ಅಂದ್ರೆ?"

"ಇಬ್ರೇ ಇರೋ ಮನೆ ಬೇಕು ಅನ್ನೋದು ತಪ್ಪಲ್ಲ. ನಿಂಗೆ ಅದು ಸಿಗಬೇಕು. ಕೊಡೋಕೆ ನನ್ನ ಹತ್ರ ಇಲ್ಲ ಕಣೋ."

"ನಂಗೆ ನೀನು ಬೇಕು."

"ನಂಗೂ ನೀನೇ ಬೇಕು," ಎಂದಳು. ನಾಲ್ಕು ವರ್ಷದಲ್ಲಿ ಅವಳು ಇಷ್ಟು ನೇರವಾಗಿ ಹೇಳಿದ್ದು ಇದೇ ಮೊದಲು. ಅವನಿಗೂ ಅದು ಗೊತ್ತಾಯಿತು. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ರಸ್ತೆಯಲ್ಲಿ ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಹಣೆಗೆ ಒತ್ತಿಕೊಂಡ. ಅವಳೂ ಬಿಡಿಸಿಕೊಳ್ಳಲಿಲ್ಲ. ದೇವರಾಜ್ ಅಂಗಡಿಯಿಂದ ಇಣುಕಿ, "ಯಾವುದು ಪ್ಯಾಕ್ ಮಾಡ್ಲಿ ಮೇಡಂ?" ಎಂದು ಕೂಗಿದ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಯಾವ್ದು ತಗೊಂಡ್ರೆವಾ? ಸಣ್ಣದಽ ತಗೋರಿ ಅಂದಿದ್ದೆ."

"ಯಾವ್ದೂ ತಗೊಳ್ಳಿಲ್ಲಪ್ಪ." ಅವರ ಕಾಲ ಬಳಿ ನೆಲದ ಮೇಲೆ ಕೂತಳು. "ನಾ ಈ ಮದುವಿ ಆಗಾಂಗಿಲ್ಲ."

ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಯಾಕವಾ? ನನ್ನ ಸಲುವಾಗಿ ಏನು? ಅಂವ ಏನರ ಅಂದನೇನು?"

ಅವಳು ನಿಜ ಹೇಳಬಹುದಿತ್ತು. ಹೇಳಿದರೆ ನಾಳೆ ಬೆಳಗಾಗುವಷ್ಟರಲ್ಲಿ ಅಪ್ಪ ಚೀಲ ಹಿಡಿದು ರೈಲು ಹತ್ತುತ್ತಾರೆ. ಮಗಳ ಬಾಳಿಗೆ ಅಡ್ಡ ಬಂದೆನೆಂಬ ಕೊರಗಿನಲ್ಲೇ ಸಾಯುತ್ತಾರೆ.

"ಅಂವ ಏನೂ ಅಂದಿಲ್ಲಪ್ಪ. ಛಲೋ ಹುಡುಗ." ಕೆನ್ನೆ ಒರೆಸಿಕೊಂಡಳು. "ನನಗಽ ಅವನ ಮ್ಯಾಲೆ ಮನಸಿಲ್ಲ."

ಮಡಿವಾಳಪ್ಪನವರು ಮಗಳ ತಲೆ ಮೇಲೆ ಕೈಯಿಟ್ಟರು.

"ಮನಸಿಲ್ಲಂದ್ರ ಬಿಡವಾ, ಅದಕ್ಯಾಕ ಅಳೂದು?" ಎಂದರು. ಆಮೇಲೆ ಏನೋ ನೆನಪಾದವರ ಹಾಗೆ, "ಹಂಗಾರ ಮಠಕ್ಕ ಒಂದು ಫೋನ್ ಮಾಡ್ತೀನಿ. ಕೋಣೆ ಬ್ಯಾರೆಯವರಿಗೆ ಕೊಡ್ರಿ ಅಂತೀನಿ" ಎನ್ನುತ್ತ, ಅದು ಮಗಳಿಗೆ ಹೇಳದ ಮಾತೆಂಬುದನ್ನೇ ಮರೆತು ಎದ್ದರು.

ಮಗಳ ಮದುವೆ ಮುರಿದಿದ್ದಕ್ಕೆ ದುಃಖಪಡಬೇಕೆಂದು ಅವರು ಎಷ್ಟೋ ಪ್ರಯತ್ನಪಟ್ಟರು. ಆದರೂ ಫೋನಿನಲ್ಲಿ ಅವರ ದನಿ ಗೆಲುವಾಗಿತ್ತು. "ಬರಾಂಗಿಲ್ಲರೀ, ನಾ ಇಲ್ಲೇ ಇರಾಂವ, ನನ್ನ ಮಗಳ ಕೂಡ," ಎಂದು ಎರಡೆರಡು ಸಲ ಹೇಳುತ್ತಿದ್ದರು. ನಿವೇದಿತಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಅದರ ಸದ್ದಿನಲ್ಲಿ ಅಪ್ಪನಿಗೆ ಕೇಳಿಸದಂತೆ ಅತ್ತಳು.