ತುಕ್ಕಿನ ಪಾಲು

ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಉಗಿಯ ಪೈಪು ಸಿಡಿದು, ಕೆಳಗೆ ನಿಂತಿದ್ದ ದುರ್ಗಯ್ಯ ಬೆಂದು ಸತ್ತಿದ್ದ. ಪೈಪಿಗೆ ಬೆಸುಗೆ ಹಾಕಿದ್ದ ಫಜಲುಲ್ಲಾನನ್ನು ಪೊಲೀಸರು ಲಾಕಪ್ಪಿಗೆ ತಳ್ಳಿದ್ದರು. ಬೆಸುಗೆ ಬಿಟ್ಟಿತು ಎಂದು ಎಂಜಿನಿಯರ್ ಅಣ್ಣಯ್ಯ ಹೇಳಿದ್ದೊಂದೇ ಸಾಕ್ಷಿ.

ಬಾಯ್ಲರ್ ಇನ್‌ಸ್ಪೆಕ್ಟರ್ ರೇವಣಸಿದ್ದಯ್ಯನವರ ಜೊತೆ ನಾನೂ ಹೋದೆ. ನಾನು ಅವರ ಗುಮಾಸ್ತ. ಗೇಟಿನಲ್ಲೇ ಫಜಲುಲ್ಲಾನ ಹೆಂಡತಿ ನಸೀಮ್ ಬಾನು ಅಡ್ಡ ನಿಂತಳು.

"ಊಟ ಮುಟ್ತಿಲ್ಲ ಸಾಹೇಬ್ರೇ. ನಾನೇ ಕೊಂದ್ನೇನೋ ಅಂತ ಅವ್ರಿಗೇ ಅನ್ನಿಸ್ತೈತೆ ಈಗ."

ರೇವಣಸಿದ್ದಯ್ಯನವರು ತುಟಿ ಬಿಚ್ಚದೆ ಒಳಗೆ ನಡೆದರು. ನನಗೆ ಸಿಟ್ಟು ಬಂತು. ಒಂದು ಸಮಾಧಾನದ ಮಾತಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಬಿರುಕು ಬೆಸುಗೆಯ ಪಕ್ಕದಲ್ಲೇ ಇತ್ತು. ಶಾಖ ಉಳಿಯಲೆಂದು ಪೈಪಿಗೆ ತೆಂಗಿನ ನಾರಿನ ಹುರಿ ಸುತ್ತಿದ್ದರು. ಮೇಲಿನ ತೊಟ್ಟಿಯಿಂದ ಕಾಯಿನೀರು ತೊಟ್ಟಿಕ್ಕುತ್ತಿತ್ತು.

"ಹೋದ ವರ್ಷ ಉಗಿಯ ಒತ್ತಡ ಹೆಚ್ಚಿಸಿದಿರಂತೆ. ಲೆಕ್ಕಕ್ಕೆ ಪೈಪಿನ ದಪ್ಪ ಎಷ್ಟು ಹಿಡಿದಿರಿ?" ಇನ್‌ಸ್ಪೆಕ್ಟರು ಪಕ್ಕದಲ್ಲಿ ನಿಂತಿದ್ದ ಅಣ್ಣಯ್ಯನನ್ನು ಕೇಳಿದರು.

"ಪೂರಾ ಆರು ಮಿಲಿಮೀಟರ್ ಸಾರ್," ಎಂದ ಅಣ್ಣಯ್ಯ.

"ತುಕ್ಕಿನ ಪಾಲು ಕಳೀಲಿಲ್ವೆ?"

"ತುಕ್ಕೆಲ್ಲಿದೆ ಸಾರ್?"

ನಾನು ಕಣ್ಣು ಕಣ್ಣು ಬಿಟ್ಟೆ. "ಮುಂದೆ ತುಕ್ಕು ತಿನ್ನಲಿ ಅಂತ್ಲೇ ಪೈಪನ್ನ ಒಂದಿಷ್ಟು ದಪ್ಪ ಇಟ್ಟಿರ್ತಾರೆ ಕಣಯ್ಯ," ಎಂದು ಇನ್‌ಸ್ಪೆಕ್ಟರು ನನಗೆ ಹೇಳಿದರು. "ಬಲದ ಲೆಕ್ಕದಲ್ಲಿ ಅದು ಇಲ್ಲ ಅಂತ್ಲೇ ಹಿಡೀಬೇಕು."

ಮತ್ತೆ ಅಣ್ಣಯ್ಯನ ಕಡೆ ತಿರುಗಿದರು. "ಈ ಹುರಿ ಯಾವಾಗ ಸುತ್ತಿದ್ದು?"

"ಮೂರು ವರ್ಷ ಆಯ್ತು."

"ಮೂರು ವರ್ಷ ಕಾಯಿನೀರು ಕುಡಿದ ಹುರಿ ಹೀಗೆ ಹೊಂಬಣ್ಣಕ್ಕೆ ಇರುತ್ತೇನಪ್ಪ?"

ಇನ್‌ಸ್ಪೆಕ್ಟರು ಹುರಿ ಕೊಯ್ದರು. ಒಳಗಿನ ಕಬ್ಬಿಣ ಹಪ್ಪಳದಂತೆ ಪದರು ಪದರಾಗಿ ಕೈಗೆ ಬಂತು. ಒಬ್ಬ ಆಳು ಹುರಿಯನ್ನು ತಿರುಗಿಸಿ ನೋಡಿದ. "ಎಡಗೈ ಹೊಸೆತ. ನಿಂಗಮ್ಮಂದು ಕಣ್ರೀ."

ನಿಂಗಮ್ಮ ದುರ್ಗಯ್ಯನ ಹೆಂಡತಿ, ಮನೆಯಲ್ಲಿ ಎಡಗೈಯಿಂದ ನಾರಿನ ಹುರಿ ಹೊಸೆಯುವವಳು. ಕರೆಸಿದರು. ಹುರಿ ಮುಟ್ಟಿದವಳೇ ಅಣ್ಣಯ್ಯನ ಮುಖ ನೋಡಿದಳು.

"ಚಟ್ಟ ಕಟ್ಟಕ್ಕೆ ಬೇಕು ಅಂತ ಇವ್ರೇ ಈಸ್ಕಂಡೋದ್ರು ಸ್ವಾಮಿ. ಎಷ್ಟೊತ್ತಾದ್ರೂ ಬರ್ಲಿಲ್ಲ. ಬಾವಿ ಹಗ್ಗ ಬಿಚ್ಚಿ ಕಟ್ಟಿದ್ವಿ."

"ಹಳೇ ಹುರಿ ಹುಳಿಬಂದ ಕಾಯಿನೀರು ಹೀರಿ ಪೈಪು ತಿಂದಿತ್ತು," ಎಂದರು ರೇವಣಸಿದ್ದಯ್ಯ. "ತುಕ್ಕಿಗೆ ಬಿಟ್ಟ ಪಾಲನ್ನೂ ಬಲಕ್ಕೆ ಸೇರಿಸಿ ಒತ್ತಡ ಏರಿಸಿದ್ದು ಅಣ್ಣಯ್ಯ. ಪೈಪು ಸಿಡಿದು ತಪ್ಪು ತಿಳಿದ ಮೇಲೆ ಹಳೇ ಹುರಿ ಕಿತ್ತು, ಸತ್ತವನ ಮನೆ ಹುರೀಲೇ ತುಕ್ಕು ಮುಚ್ಚಿ, ಫಜಲುಲ್ಲಾನ ಕಡೆ ಬೆರಳು ತೋರಿಸಿದ್ದೂ ಅವನೇ."

ನನ್ನತ್ತ ತಿರುಗಿದರು. "ಗೇಟಿನ ಹತ್ರ ಇರೋ ಆ ಹೆಣ್ಣುಮಗಳನ್ನ ಕರಿ. ಗಂಡನ ಬೆಸುಗೆ ಇನ್ನೂ ಕಚ್ಕೊಂಡೇ ಇದೆ. ಮುಟ್ಟಿ ನೋಡ್ಲಿ."

ನಸೀಮ್ ಬಾನು ಬಂದು ಬೆಸುಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಿಂಗಮ್ಮ ಅವಳ ಪಕ್ಕದಲ್ಲೇ ಕುಸಿದು ಕೂತಳು.