ಇಲ್ಲದ ಅಕ್ಕನಿಗೆ ಹಸಿರು ಬಳೆ

"ಈ ದಾರ ಯಾರ ಕೈ ಅಳತಿರಿ?"

ಬಳೆ ಅಂಗಡಿಯ ಶಮಶೇರ ಹಾಗೆ ಕೇಳಿದ್ದೇ ತಡ, ಸುಂದರಾ ಅತ್ತಿತ್ತ ನೋಡಿ ಹೇಳಿದಳು.

"ನಮ್ಮ ಅಕ್ಕಂದ್ರಿ... ಹಸರ ಬಳಿ ಬೇಕಂತ."

ಎಲ್ಲಿಯ ಅಕ್ಕ! ಶಿರಗುಪ್ಪಿಯ ಆ ಮನೆಯಲ್ಲಿದ್ದವರು ಅಣ್ಣ ರಾವಸಾಹೇಬ, ಅವನ ಹೆಂಡತಿ ದ್ರೌಪದಿ ವೈನಿ ಮತ್ತು ಇವಳು. ಅವರ ಪಾಲಿಗೆ ಇವಳು ಪ್ಯಾಂಟು ಶರ್ಟಿನ ತಮ್ಮ, ಜಕ್ಕಪ್ಪ. ಆದರೆ ತಿಳಿವಳಿಕೆ ಬಂದಾಗಿನಿಂದ ತಾನು ಹೆಣ್ಣೆಂದೇ ಇವಳಿಗೆ ಗೊತ್ತು. ಸುಂದರಾ ಎಂಬ ಹೆಸರನ್ನೂ ತಾನೇ ಇಟ್ಟುಕೊಂಡಿದ್ದಳು.

ತೊಂಬತ್ತೊಂದರ ಆ ಕಾಲದಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದುಂಟೇ? ಗೊತ್ತಾದ ದಿನವೇ ಅಣ್ಣ ಹೊರಗೆ ಹಾಕಿ ಬಾಗಿಲು ಮುಚ್ಚುತ್ತಿದ್ದ. ಅದಕ್ಕೇ ಗುರುತಿನವರಿಲ್ಲದ ಈ ಕುಡಚಿ ಪೇಟೆಗೆ ಬರುತ್ತಿದ್ದಳು. ಮೊದಲು ಶಮಶೇರನ ಅಂಗಡಿಯಲ್ಲೇ ಸ್ನೋ, ಪೌಡರ್, ಕಾಡಿಗೆ. ಆಮೇಲೆ ಜಂಪರಿಗೊಂದು ಖಣ. ಎಲ್ಲವೂ ಆ ಇಲ್ಲದ ಅಕ್ಕನ ಹೆಸರಿನಲ್ಲಿ.

ಈಗ ಎಡವಿದ್ದು ಬಳೆಯಲ್ಲಿ. ಬಳೆ ಕೂರುವುದು ಮಣಿಕಟ್ಟಿನ ಮೇಲೆ ನಿಜ, ಆದರೆ ಹೆಬ್ಬೆರಳು ಮಡಚಿದ ಮೇಲೆ ಗೆಣ್ಣು ದಾಟಬೇಕಲ್ಲ! ಹೆಣ್ಣುಮಕ್ಕಳು ಗೆಣ್ಣಿನ ಮೇಲೆ ಅಳತೆ ಹಿಡಿಯುತ್ತಾರೆ, ಇಲ್ಲವೇ ಹಳೆಯ ಬಳೆ ಕೊಟ್ಟು ಕಳಿಸುತ್ತಾರೆ. ಇವಳು ಗಡಿಯಾರದ ಪಟ್ಟಿ ಕಟ್ಟಿದಂತೆ ಮಣಿಕಟ್ಟಿಗೆ ದಾರ ಸುತ್ತಿ ತಂದಿದ್ದಳು. ಹೇಳಿಕೊಡುವವರು ಯಾರಿದ್ದರು ಪಾಪ.

ಶಮಶೇರ ದಾರ ನೋಡಿದ. ಇವಳ ಕೈ ನೋಡಿದ. ಮತ್ತೆ ದಾರ ನೋಡಿದ.

"ಅಕ್ಕನ ಕೈ ನಿಮ್ಮ ಕೈಯಂಗ ಐತೇನ್ರಿ?"

ಅಷ್ಟೇ. ಸುಂದರಾ ದಾರವನ್ನೂ ಬಿಟ್ಟು ಅಲ್ಲಿಂದ ಕಾಲ್ಕಿತ್ತಳು.

ಅವನಿಗೆ ತಿಳಿದುಹೋಯಿತು... ಯಾರಿಗೆ ಹೇಳುತ್ತಾನೆ? ಮೊನ್ನೆ ಊರ ಹೆಸರು ಕೇಳಿದ್ದೇಕೆ? ಪೌಡರ್ ಡಬ್ಬಿ ಕಟ್ಟಿಕೊಡುವಾಗ ನಕ್ಕಿದ್ದೇಕೆ? ಆ ನಗು ನೆನೆದು ತಾನೇ ಎಷ್ಟು ಸಲ ಅವನ ಅಂಗಡಿಗೆ ಹೋಗಿದ್ದೆನೆಂಬುದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ವಾರ ಮನೆಯ ಅಂಗಳದಲ್ಲಿ ಅದೇ ದನಿ. ಬಾಗಿಲ ಸಂದಿಯಿಂದ ನೋಡಿದರೆ ಬಳೆ ಗಂಟು ಬಿಚ್ಚಿ ಕೂತವನು ಶಮಶೇರ! ವೈನಿಯ ಕೈ ಅವನ ಕೈಯಲ್ಲಿತ್ತು, ಅಣ್ಣ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ.

ಮುಗಿಯಿತು ನನ್ನ ಕಥೆ, ಅಂದುಕೊಂಡಳು.

ದ್ರೌಪದಿ ಸುಮ್ಮನಿರುವ ಪೈಕಿಯವಳಲ್ಲ. ಕುಡಚಿಯವನೆಂದು ತಿಳಿದದ್ದೇ ಕೆದಕಿದಳು. ತನ್ನ ಮೈದುನ ಮೇಲಿಂದ ಮೇಲೆ ಆ ಊರಿಗೆ ಹೋಗುತ್ತಾನೆ, ಹೆಂಗಸರ ಸಾಮಾನು ಕೊಳ್ಳುತ್ತಾನೆಂದು ಯಾರೋ ಹೇಳಿದ್ದಾರೆ, ನಿಜವೋ ಸುಳ್ಳೋ ಎಂದು ಕೇಳಿದಳು. ಅಣ್ಣ ಮೆಲ್ಲುವುದನ್ನು ನಿಲ್ಲಿಸಿದ.

ಶಮಶೇರ ಬಳೆಯಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಅಂಗಡಿಗೇ ಬರ್ತಾರ್ರಿ. ನಾವು ದೋಸ್ತರು. ಕೂತಕೊಂಡು ನನಗ ಸಾಮಾನ ಕಟ್ಟಿಕೊಡ್ತಾರ. ನೋಡಿದವರು ಏನೋ ತಿಳಕೊಂಡಿರಬೇಕು."

ಅಣ್ಣ ಹೂಂ ಎಂದು ಮತ್ತೆ ಮೆಲ್ಲತೊಡಗಿದ.

ಸುಂದರಾಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ದೊಡ್ಡ ಸುಳ್ಳನ್ನು ಯಾರಾದರೂ ಪುಕ್ಕಟೆ ಹೇಳುತ್ತಾರೆಯೇ? ಇವತ್ತು ಕಾಪಾಡಿದವನು ನಾಳೆ ಏನು ಕೇಳುತ್ತಾನೋ... ಹಿತ್ತಲಿನಿಂದ ಹೊರಬಿದ್ದು, ಬಸ್ಸಿಗೆ ಹೊರಟವನನ್ನು ಕಬ್ಬಿನ ನಡುವಿನ ದಾರಿಯಲ್ಲಿ ತಡೆದಳು.

"ಏನ್ ಬೇಕ್ರಿ ನಿಮಗ? ನನ್ನ ಹೆದರಿಸಾಕ ಬಂದೀರೇನು?"

ಅವನ ಮುಖ ಬಾಡಿತು. ಗಂಟು ಇಳಿಸಿ ಬದುವಿನ ಮೇಲೆ ಕೂತ.

"ಅವತ್ತು ಹಂಗ ಕೇಳಬಾರದಿತ್ತು, ತಪ್ಪಾತು. ನೀವು ಓಡಿ ಹೋದ್ರಿ. ಇನ್ನ ಬರೂದಿಲ್ಲ ಅನಸ್ತು, ಅಂಗಡ್ಯಾಗ ಕೂಡಾಕ ಆಗಲಿಲ್ಲ, ಬಳಿ ಗಂಟ ಹೊತ್ತು ನಿಮ್ಮ ಊರಾಗ ಮನಿ ಮನಿ ಹುಡುಕಿದೆ. ಕೈ ಕೊಡ್ರಿ."

ಸುಂದರಾ ಹಿಂದೆ ಮುಂದೆ ನೋಡಿದಳು. ಆಳೆತ್ತರದ ಕಬ್ಬು ಬಿಟ್ಟರೆ ಯಾರೂ ಇಲ್ಲ. ನಂಬಲೋ ಬೇಡವೋ... ಕೈ ಚಾಚಿಯೇ ಬಿಟ್ಟಳು.

ಅವನು ಹೆಬ್ಬೆರಳು ಮಡಚಿ, ಗೆಣ್ಣು ಮೆಲ್ಲಗೆ ಒತ್ತಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದ. ಒಂದೂ ಒಡೆಯಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ.

"ಹೆಸರೇನ್ರಿ ನಿಮ್ಮದು? ಮನ್ಯಾಗ ಕರಿಯೂದಲ್ಲ... ನಿಮ್ಮದು."

"ಸುಂದರಾ."

ಇನ್ನೊಬ್ಬರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು.

ಬಳೆ ಇಡಿಸಿಕೊಂಡ ಹೆಣ್ಣುಮಗಳು ಬಳೆಗಾರನಿಗೆ ಕೈಮುಗಿಯುವುದು ಅಲ್ಲಿಯ ರೂಢಿ. ಸುಂದರಾ ಕಣ್ಣೊರೆಸಿಕೊಂಡು ಕೈ ಜೋಡಿಸಲು ಹೋದಳು. ಶಮಶೇರ ಅವಳ ಕೈ ಹಿಡಿದುಕೊಂಡ.

"ಕೈಮುಗಿಯೂದು ಗಿರಾಕಿ ಕೆಲಸ. ನೀವು ನನಗ ಗಿರಾಕಿ ಅಲ್ಲರಿ."

"ಮತ್ತ ಯಾರು?"

"ಮನಸಿನ್ಯಾಗ ಇದ್ದವರು. ಹೇಳಿಬಿಟ್ಟೆ ನೋಡ್ರಿ. ನಿಮ್ಮ ಮನಸಿನ್ಯಾಗ ಏನೈತಿ, ಅದನ್ನ ಕೇಳಾಕ ಬಂದೇನಿ."

ಸುಂದರಾ ಕೈಯಲ್ಲಿದ್ದ ಬಳೆಗಳನ್ನು ಒಮ್ಮೆ ಸವರಿದಳು. ಆಮೇಲೆ ಬರಿದಾಗಿದ್ದ ಇನ್ನೊಂದು ಕೈಯನ್ನು ಅವನ ಮುಂದೆ ಚಾಚಿದಳು.

"ಈ ಕೈಗೂ ಇಡ್ರಿ... ಅಷ್ಟರಾಗ ಹೇಳತೇನಿ."