ಉದ್ದಕ್ಕೆ ಬಿದ್ದ ನೂಲು

“ನಿಮ್ಮ ಲೆಕ್ಕ ತಪ್ಪೈತ್ರಿ, ಮೇಡಂ!”

ಬೆಳಗಾವಿಯ ಆ ಸೆಮಿನಾರ್ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎದ್ದು ನಿಂತಿದ್ದವನು ಅನಿಕೇತ, ಊರಿನದೇ ಕಾಲೇಜೊಂದರ ಭೌತಶಾಸ್ತ್ರದ ಉಪನ್ಯಾಸಕ. ವೇದಿಕೆಯ ಮೇಲಿದ್ದ ಪ್ರಮಿಳಾಳ ಮುಖ ಕೆಂಪಾಯಿತು. ನಂದಗಡದ ಕುರಿಗಾರರ ಮನೆಯ ಹುಡುಗಿ. ಮನೆತನದಲ್ಲಿ ಪಿಎಚ್‌ಡಿವರೆಗೆ ಬಂದವಳು ಅವಳೊಬ್ಬಳೇ.

ಅವಳು ಹೇಳಿದ್ದಿಷ್ಟೇ. ಪಾಲಿಮರ್ ಎಂದರೆ ಉದ್ದನೆಯ ಅಣುಸರಪಳಿ. ಒಂದೊಂದು ಕೊಂಡಿಯೂ ಮನಬಂದ ದಿಕ್ಕಿಗೆ ಹೊರಳುತ್ತದೆ. ಆದರೂ ಸರಪಳಿ ಗುಂಡಗೆ ಮುದುಡುವುದಿಲ್ಲ, ಉದ್ದಕ್ಕೆ ಚಾಚಿಕೊಳ್ಳುತ್ತದೆ. ಎಷ್ಟು ಉದ್ದಕ್ಕೆ ಎಂದು ಅಳೆಯುವುದರಲ್ಲೇ ಮೂರು ವರ್ಷ ಕಳೆದಿದ್ದಳು.

“ಯಾವ ದಿಕ್ಕಿಗೂ ಒಲವಿಲ್ಲ ಅಂದಮ್ಯಾಲ ಗುಂಡಗ ಇರಬೇಕಲ್ರಿ? ನಾ ಕಂಪ್ಯೂಟರ್‌ದಾಗ ಹತ್ತು ಸಾವಿರ ಸರಪಳಿ ಒಂದರ ಮ್ಯಾಲೊಂದು ಇಟ್ಟು ಸರಾಸರಿ ತಗದೀನಿ. ಗುಂಡಗ ಬಂದೈತಿ!”

ಅವಳ ಗೈಡ್ ಹಣೆ ಉಜ್ಜಿಕೊಂಡರು. “ಮುಂದಿನ ಸೋಮವಾರ ಇದಕ್ಕ ಉತ್ತರ ಕೊಡವಾ. ಇಲ್ಲಂದ್ರ ಈ ಅಧ್ಯಾಯ ತೆಗೀಬೇಕಾಗ್ತದ.”

ಮೂರು ವರ್ಷದ ಬೆವರು... ಒಂದೇ ಮಾತಿಗೆ! ಕುರಿ ಕಾಯುವವರ ಮಗಳೆಂದು ಇಷ್ಟು ಸದರವೇ? ಊರಿಗೆ ಹೊರಟ ಖಾನಾಪುರದ ಬಸ್ಸಿನಲ್ಲಿ ಅನಿಕೇತನನ್ನು ಮನಸಾರೆ ಬೈದಳು. ಬೈಗುಳವೆಲ್ಲ ಖರ್ಚಾದಾಗ ಬಸ್ಸು ದಾರಿಯ ದೇಸೂರನ್ನೂ ದಾಟಿರಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದಳು.

ಭಾನುವಾರ ಬೆಳಿಗ್ಗೆ ಅದೇ ಮನುಷ್ಯ ನಂದಗಡದ ಮನೆ ಬಾಗಿಲಲ್ಲಿ!

“ಜಗಳಕ್ಕ ಬಂದಿಲ್ರಿ. ನಿಮ್ಮ ಲೆಕ್ಕದಾಗ ತಪ್ಪು ಸಿಗವಲ್ದು, ನನ್ನದ್ರಾಗೂ ಸಿಗವಲ್ದು. ತಿಳಿಸಿ ಹೇಳ್ರಿ.”

ಪ್ರಮಿಳಾ ಮುಖ ತಿರುವಿ ಒಳಗೆ ನಡೆದಳು. ಉಣ್ಣೆ ನೂಲುತ್ತಿದ್ದ ತಾಯಿ ಭರಮವ್ವನೇ, “ಒಳಗ ಬರ್ರಿ, ಕುಂದರ್ರಿ,” ಎಂದಳು.

ಪ್ರಮಿಳಾ ಮಾರುದ್ದದ ನೂಲು ಕಿತ್ತು ಅವನ ಕೈಗಿಟ್ಟಳು. “ಮುದ್ದಿ ಮಾಡಿ ನೆಲಕ್ಕ ಒಗೀರಿ. ಬಿದ್ದಂಗ ಟ್ರೇಸಿಂಗ್ ಪೇಪರಿನ ಮ್ಯಾಲ ಗೆರಿ ಎಳೀರಿ. ಮೂವತ್ತು ಸಲ!”

ಕಾಲೇಜಿನ ಸರ್ ಮಂಡಿಯೂರಿ ಮೂವತ್ತು ಸಲ ನೂಲು ಎಸೆದು ಗೆರೆ ಎಳೆದ. ಹಾಳೆಗಳನ್ನೆಲ್ಲ ನಡು ಹೊಂದಿಸಿ ಕಿಟಕಿಯ ಬೆಳಕಿಗೆ ಹಿಡಿದ. ಗೆರೆಗಳೆಲ್ಲ ಸೇರಿ ಹಕ್ಕಿಗೂಡಿನಂತೆ ಗುಂಡಗೆ ಕಂಡವು.

“ನೋಡ್ರಿ, ಗುಂಡಗ!”

“ಒಂದೊಂದ ಹಾಳಿ ಬ್ಯಾರೆ ಮಾಡಿ ನೋಡ್ರಿ.”

ಹೆಚ್ಚುಕಡಿಮೆ ಎಲ್ಲವೂ ಉದ್ದ! ಒಂದೊಂದರ ಉದ್ದ ಒಂದೊಂದು ದಿಕ್ಕಿಗೆ. ಅವಳು ಪ್ರತಿ ಹಾಳೆಯನ್ನೂ ಅದರದರ ಉದ್ದಕ್ಕೆ ತಿರುಗಿಸಿ ಜೋಡಿಸಿದಳು. ಈಗ ಸೌತೆಕಾಯಿಯಂಥ ಆಕಾರ ಮೂಡಿತು.

“ತಿರುಗಿಸದನ ಕೂಡ್ಸಿದ್ರ ಎಲ್ಲಾದರ ಉದ್ದಾನೂ ಅಳಿಸಿ ಹೋಗ್ತೈತ್ರಿ,” ಎಂದು ಹಾಳೆಗಳನ್ನು ಅವನ ಮುಂದಿಟ್ಟಳು. “ನನ್ನ ಒಂದು ಮಾತು ಕೇಳಿದ್ರ ಹೇಳ್ತಿದ್ದೆ. ನೀವು ಮಂದಿ ಮುಂದ ತಪ್ಪು ಅಂದ್ರಿ.”

ಅನಿಕೇತ ತಲೆ ತಗ್ಗಿಸಿದ. “ಮಂದಿ ಮುಂದನ ಒಪ್ಕೋತೀನ್ರಿ.”

ಸೋಮವಾರ ತುಂಬಿದ ಹಾಲ್‌ನಲ್ಲಿ ಒಪ್ಪಿಕೊಂಡ. “ತಪ್ಪು ನಂದು. ಪ್ರಮಿಳಾ ಮೇಡಂ ಅಳತಿ ಖರೇ ಐತಿ. ಅವರ ಮನ್ಯಾಗ ನೆಲದ ಮ್ಯಾಲ ಕುಂತು ಕಲ್ತು ಬಂದೀನಿ.”

ಗೈಡ್ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಹಾಲ್ ತುಂಬ ಚಪ್ಪಾಳೆ. ಅಧ್ಯಾಯ ಉಳಿಯಿತು! ಮಗಳ ಮಾತು ಕೇಳಲು ಕಂಬಳಿ ಹೊತ್ತು ಬಂದಿದ್ದ ಅಪ್ಪ ಭರಮಪ್ಪ ರುಮಾಲು ಸರಿಮಾಡಿಕೊಂಡು ನೆಟ್ಟಗೆ ಕೂತ. ಅವನನ್ನು ನೋಡಿ ಪ್ರಮಿಳಾಳ ಎದೆ ಉಬ್ಬಿತು.

ಹೊರಗೆ ಮೆಟ್ಟಿಲ ಬಳಿ ಅನಿಕೇತ ಕಾಯುತ್ತಿದ್ದ.

“ಪ್ರಮಿಳಾ... ನಿನ್ನಿ ನಿಮ್ಮ ಮನ್ಯಾಗ ಕುಂತಾಗನ ನಿಮ್ಮ ಮ್ಯಾಲ ಮನಸಾಗೈತ್ರಿ. ನನ್ನ ಲಗ್ನ ಆಗ್ತೀರೇನು?”

ಬಸ್ಸಿನಲ್ಲಿ ಅಷ್ಟೆಲ್ಲ ಬೈದದ್ದು ಇವನನ್ನೇ. ಅಯ್ಯೋ, ಈ ಮನುಷ್ಯ ಯಾವಾಗ ಇಷ್ಟು ಹತ್ತಿರದವನಾದ!

“ಪಿಎಚ್‌ಡಿ ಮುಗಿಯೂತನ ಕಾಯಬೇಕ್ರಿ.”

“ಕಾಯ್ತೀನಿ. ಲಗ್ನಪತ್ರಿಕಿ ಮ್ಯಾಲ ‘ಡಾಕ್ಟರ್ ಪ್ರಮಿಳಾ’ ಅಂತ ನೋಡೂ ಆಸೆ ನನಗೂ ಐತಿ.”

“ಬರೇ ಪ್ರಮಿಳಾ ಅಲ್ರಿ. ಡಾಕ್ಟರ್ ಪ್ರಮಿಳಾ ಭರಮಪ್ಪ!”

“ದಪ್ಪ ಅಕ್ಷರದಾಗ ಹಾಕ್ಸೂಣು.”

ತುಂಬಿದ ಕಣ್ಣಲ್ಲೇ ಅವಳು ನಕ್ಕಳು. “ಅಪ್ಪ ಅಲ್ಲೇ ನಿಂತಾನ. ಬರ್ರಿ... ಇಬ್ರೂ ಕೂಡೇ ಕೇಳೂಣು.”